ಕಾಣೆಯಾದ ನೆಗ್ಗು

ಅತಿಥಿಗೆ ‘ಇನ್ನು ಹೊರಡು’ ಎಂದು ಹೇಳಲು ಕನ್ನಡದಲ್ಲಿ ಸಭ್ಯವಾದ ವಾಕ್ಯವೊಂದು ಇದ್ದಿದ್ದರೆ ಈ ಮೋಟಾರ್ ಸೈಕಲ್ಲಿನ ವ್ಯಾಜ್ಯ ಹುಟ್ಟುತ್ತಲೇ ಇರಲಿಲ್ಲ. ದೆಹಲಿಯ ದ್ವಾರಕಾ ಬಡಾವಣೆಯ ವಸತಿ ಸೊಸೈಟಿಯೊಂದರ ನಾಲ್ಕನೆಯ ಮಹಡಿಯಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದ ದಕ್ಷಿಣಾಮೂರ್ತಿಯವರು ಹತ್ತು ವಾರಗಳಿಂದ ಆ ವಾಕ್ಯವನ್ನು ಹುಡುಕುತ್ತಿದ್ದರು. ಮೈಸೂರಿನ ಗೆಳೆಯ ಸುದರ್ಶನ್ ಅವರ ಮಗ ಅನೀಶ್ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ರೂಮು ಸಿಗುವವರೆಗೆ ಹತ್ತು ದಿನ ಇರುತ್ತೇನೆಂದು ಬಂದವನು, ವಿನಯವಂತ, ಮಿತಾಹಾರಿ, ಬಚ್ಚಲಿನ ದೀಪವನ್ನು ಮರೆಯದೆ ಆರಿಸುವವನು. ಅವನಲ್ಲಿ ದೋಷವೆಂದು ಹೇಳಬಹುದಾದದ್ದು ಒಂದೇ. ಅಮೆರಿಕದ ಗ್ರಾಹಕರ ಗಡಿಯಾರಕ್ಕೆ ತಕ್ಕಂತೆ ಅವನು ರಾತ್ರಿ ದುಡಿದು ಹಗಲು ಮಲಗುತ್ತಿದ್ದ. ಮಲಗುತ್ತಿದ್ದ ಕೋಣೆ ದಕ್ಷಿಣಾಮೂರ್ತಿಯವರ ಮಧ್ಯಾಹ್ನದ ನಿದ್ದೆಗೆಂದೇ ಮೀಸಲಾಗಿದ್ದದ್ದು.

ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯ ಕೆಲಸದಲ್ಲಿ ಮೂವತ್ನಾಲ್ಕು ವರ್ಷ ಕಳೆದ ಅವರು ನಿವೃತ್ತಿಯಿಂದ ನಿರೀಕ್ಷಿಸಿದ್ದು ಆ ನಿದ್ದೆಯೊಂದನ್ನೇ. ಈಗ ಅವರು ಇಬ್ಬರು ಕೂರುವ ಸೋಫಾದ ಮೇಲೆ, ಮೊಣಕಾಲುಗಳನ್ನು ಹೊರಗೆ ಇಳಿಬಿಟ್ಟು, ದಿನಪತ್ರಿಕೆಯನ್ನು ಮುಖದ ಮೇಲೆ ಹೊದ್ದು, ನಿದ್ದೆಯ ನಟನೆಯನ್ನಷ್ಟೇ ಮಾಡುತ್ತಿದ್ದರು.

ಆದುದರಿಂದ ಅಕ್ಟೋಬರಿನ ಒಂದು ಗುರುವಾರ ಅನೀಶ್ ಬಂದು, “ಅಂಕಲ್, ರೂಮ್ ಸಿಕ್ತು. ಆಫೀಸಿಂದ ನಡ್ಕೊಂಡು ಹೋಗೋ ಅಷ್ಟೇ ದೂರ,” ಎಂದಾಗ ಅವರು ಮುಖದಲ್ಲಿ ವಿಷಾದವನ್ನು ಮೂಡಿಸಲು ಬಹಳ ಕಷ್ಟಪಡಬೇಕಾಯಿತು.

“ಅಯ್ಯೋ, ಇಷ್ಟು ಬೇಗಾನಾ?” ಎಂದರು.

“ಭಾನುವಾರ ಸಂಜೆ ಆರರೊಳಗೆ ಹದಿನೈದು ಸಾವಿರ ಡೆಪಾಸಿಟ್ ಕೊಡಬೇಕಂತೆ. ಇಲ್ಲದಿದ್ದರೆ ಇನ್ನೊಬ್ಬನಿಗೆ ಕೊಡ್ತಾರಂತೆ. ದುಡ್ಡು ರೆಡಿ ಇದೆ ಅಂಕಲ್, ಚಿಂತೆಯಿಲ್ಲ.”

ಚಿಂತೆ ಶುರುವಾದದ್ದು ಮುಂದಿನ ಮಾತಿನಿಂದ. ಶುಕ್ರವಾರ ರಜೆ ಬಂದಿತ್ತು. ದೆಹಲಿಗೆ ಬಂದು ಹತ್ತು ವಾರವಾದರೂ ಬೆಟ್ಟದ ಮುಖ ಕಾಣದ ಅನೀಶ್ ಮೂರು ದಿನದ ಮಟ್ಟಿಗೆ ಮೋಟಾರ್ ಸೈಕಲ್ ಬಾಡಿಗೆಗೆ ಪಡೆದು ಹಿಮಾಚಲದ ಕಡೆ ಹೋಗಿಬರುವ ಯೋಜನೆ ಹಾಕಿದ್ದ. ಬಾಡಿಗೆ ಅಂಗಡಿಯವನೂ ಹಾನಿಯ ಭದ್ರತೆಗೆಂದು ಹದಿನೈದು ಸಾವಿರವನ್ನೇ ಕೇಳಿದ್ದ. ಅನೀಶನ ತರ್ಕ ಸರಳವಾಗಿತ್ತು. ಹಣ ಶುಕ್ರವಾರ ಅಂಗಡಿಗೆ ಹೋಗುತ್ತದೆ, ಭಾನುವಾರ ಮಧ್ಯಾಹ್ನ ಹಿಂದಿರುಗುತ್ತದೆ, ಸಂಜೆ ಮನೆಯೊಡತಿಗೆ ಸೇರುತ್ತದೆ. ಸುಮ್ಮನೆ ಬಿದ್ದಿರುವ ಹಣ ಅಷ್ಟರಲ್ಲಿ ಅವನಿಗೊಂದು ಬೆಟ್ಟವನ್ನು ತೋರಿಸಿದರೆ ತಪ್ಪೇನು?

“ನೋಡಪ್ಪಾ,” ಎಂದರು ದಕ್ಷಿಣಾಮೂರ್ತಿ, “ಈ ಊರಿನಲ್ಲಿ ಬಾಡಿಗೆ ಅಂಗಡಿಯವರು ಹಳೇ ಗೀರನ್ನ ಹೊಸ ಗಿರಾಕಿಗೆ ಮಾರೋರು. ಒಂದೇ ಗೀರಿಗೆ ಹತ್ತು ಜನರ ಹತ್ತಿರ ದುಡ್ಡು ಹಿಡ್ಕೋತಾರೆ. ನಾನು ಬರ್ತೀನಿ. ನಾನಿಲ್ಲದೆ ನೀನು ಗಾಡಿ ಮುಟ್ಟಬೇಡ.”

ಇದನ್ನು ಅನೀಶ್ ವಾತ್ಸಲ್ಯವೆಂದು ತಿಳಿದ. ಅದು ತಪ್ಪೂ ಅಲ್ಲ. ಮನುಷ್ಯನು ತನ್ನ ನಿದ್ದೆಯನ್ನು ಕಾಪಾಡಿಕೊಳ್ಳುವಾಗ ತೋರುವ ವಾತ್ಸಲ್ಯಕ್ಕಿಂತ ನಿಷ್ಕಪಟವಾದದ್ದು ಬೇರೊಂದಿಲ್ಲ.

ಮರುದಿನ ಬೆಳಿಗ್ಗೆ ದಕ್ಷಿಣಾಮೂರ್ತಿಯವರ ಹೆಂಡತಿ ರತ್ನಾ ಹುಡುಗನ ಬ್ಯಾಗಿಗೆ ಪುಳಿಯೋಗರೆಯ ಸ್ಟೀಲ್ ಡಬ್ಬಿಯೊಂದನ್ನು ತುರುಕಿದರು. “ಡಬ್ಬಿ ಮರೆಯಬೇಡ. ಹಾಗಂತ ಖಾಲಿ ತಂದ್ಕೊಡಬೇಡ ಮತ್ತೆ. ಇನ್ನೊಬ್ಬರ ಪಾತ್ರೆ ಖಾಲಿ ವಾಪಸ್ ಕೊಡಬಾರದು. ಎರಡು ಸೇಬಾದರೂ ಹಾಕ್ಕೊಂಡು ಬಾ,” ಎಂದರು. ಅನೀಶ್ ತಲೆಯಾಡಿಸಿದ. ಹಿರಿಯರ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಹುಡುಗ ಅವನು. ಅನಾಹುತಕ್ಕೆ ಕಾರಣವಾದದ್ದೂ ಅದೇ ಗುಣ.

ಅಂಗಡಿ ಜನಕಪುರಿಯ ಮಾರುಕಟ್ಟೆಯ ಹಿಂಬದಿಯ ಗಲ್ಲಿಯಲ್ಲಿತ್ತು. ಹೆಸರು ‘ಹಿಮಸಾರಥಿ’. ಮಾಲೀಕ ಚಂದ್ರಮೋಹನ ಐವತ್ತರ ಆಸುಪಾಸಿನ, ಮೀಸೆಗೆ ಬಣ್ಣ ಹಚ್ಚಿ ತಲೆಯನ್ನು ಅದರ ಪಾಡಿಗೆ ಬಿಟ್ಟಿದ್ದ ಮನುಷ್ಯ. ಅವನು ಮೊಬೈಲಿನಲ್ಲಿ ಮೋಟಾರ್ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಿಡಿಯೊ ತೆಗೆದು, “ಚಲೋ, ಆಯ್ತು, ಬೀಗದ ಕೈ ತಗೊಳ್ಳಿ,” ಎಂದು ಹಿಂದಿಯಲ್ಲಿ ಹೇಳಿದ.

“ಆಗಿಲ್ಲ,” ಎಂದರು ದಕ್ಷಿಣಾಮೂರ್ತಿ, ಸರ್ಕಾರಿ ಹಿಂದಿಯಲ್ಲಿ. ಕೈಚೀಲದಿಂದ ಗೆರೆ ಹಾಕಿದ ಕಾಗದ, ಆರಿಂಚಿನ ಉಕ್ಕಿನ ಅಳತೆಪಟ್ಟಿ ಮತ್ತು ಭೂತಗನ್ನಡಿಯನ್ನು ಹೊರತೆಗೆದರು.

ಕಚೇರಿಯಲ್ಲಿ ಒಬ್ಬ ಅಧಿಕಾರಿ ವರ್ಗವಾಗಿ ಇನ್ನೊಬ್ಬನಿಗೆ ಅಧಿಕಾರ ವಹಿಸಿಕೊಡುವಾಗ ಪ್ರತಿಯೊಂದು ವಸ್ತುವನ್ನೂ ಅದರ ಸ್ಥಿತಿಯೊಡನೆ ಪಟ್ಟಿಮಾಡುವ ಪದ್ಧತಿಯಿದೆ. ಕುರ್ಚಿ, ಒಂದು, ಎಡಗೈ ಸಡಿಲ. ಗಡಿಯಾರ, ಒಂದು, ನಿಂತಿದೆ. ಅದೇ ಪದ್ಧತಿಯಲ್ಲಿ ಅವರು ಮಡ್‌ಗಾರ್ಡಿನಿಂದ ಆರಂಭಿಸಿದರು. ಗೀರುಗಳ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದರು. ಕನ್ನಡಿಯ ತುಕ್ಕು, ಸೀಟಿನ ಹೊಲಿಗೆಯಲ್ಲಿ ಬಿಟ್ಟ ಎಳೆ, ಹಿಂದಿನ ದೀಪದ ಮೇಲಿನ ಬಿರುಕು, ಯಾವುದನ್ನೂ ಬಿಡಲಿಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಚಂದ್ರಮೋಹನ ಎರಡನೆಯ ಚಹಾ ತರಿಸಿದ. “ಅಂಕಲ್‌ಜೀ, ಬೈಕು ಬಾಡಿಗೆಗೆ ತಗೊಳ್ಳೋಕೆ ಬಂದಿರೋ, ಹೆಣ್ಣು ನೋಡೋಕೆ ಬಂದಿರೋ?”

“ಹೆಣ್ಣಿನ ಕಡೆಯವರು ಡೆಪಾಸಿಟ್ ಕೇಳಲ್ಲ.”

“ನಾನು ವಿಡಿಯೊ ತೆಗೆದಿದ್ದೀನಲ್ಲ?”

“ವಿಡಿಯೊ ಮೇಲೆ ಸಹಿ ಹಾಕ್ತೀರಾ?”

ಚಂದ್ರಮೋಹನ ಚಹಾದ ಲೋಟದೊಳಗೆ ಏನನ್ನೋ ಗೊಣಗಿದ. ಪಟ್ಟಿ ನಲವತ್ತೊಂದು ನಮೂದುಗಳಿಗೆ ಮುಟ್ಟಿ ನಿಂತಿತು. ಹದಿನೇಳನೆಯದು ಹೀಗಿತ್ತು: ‘ಪೆಟ್ರೋಲ್ ಟ್ಯಾಂಕ್, ಎಡಭಾಗ, ಮುಚ್ಚಳದಿಂದ ನಾಲ್ಕು ಬೆರಳು ಕೆಳಗೆ, ದುಂಡನೆಯ ನೆಗ್ಗು ಒಂದು, ಅಗಲ ಮೂವತ್ತೆಂಟು ಮಿಲಿಮೀಟರ್, ಆಳ ನಾಲ್ಕು.’ ಕೊನೆಯಲ್ಲಿ ಅವರು ತಮ್ಮ ಸೇವಾವಧಿಯ ಸಾರವನ್ನೆಲ್ಲ ಹಿಂಡಿ ಒಂದು ಷರತ್ತು ಬರೆದರು: ‘ವಾಹನವನ್ನು ಈ ಪಟ್ಟಿಯಲ್ಲಿ ನಮೂದಾದ ಸ್ಥಿತಿಯಲ್ಲಿಯೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಹಿಂದಿರುಗಿಸಿದಲ್ಲಿ ಠೇವಣಿಯ ಪೂರ್ಣ ಮೊತ್ತವನ್ನು ಕೂಡಲೇ ಮರಳಿಸತಕ್ಕದ್ದು.’ ಚಂದ್ರಮೋಹನ ಮೂರೂ ಪುಟಗಳಿಗೆ ಸಹಿ ಹಾಕಿದ. ರಬ್ಬರ್ ಮೊಹರು ಎಲ್ಲಿ ಎಂದು ಕೇಳಿದಾಗ ಮಾತ್ರ ಅವನ ಕಣ್ಣಿನಲ್ಲಿ ಏನೋ ಮಿನುಗಿತು. ಅದು ಗೌರವವೋ ದ್ವೇಷವೋ ಆಗ ತಿಳಿಯಲಿಲ್ಲ. ಎರಡು ಪ್ರತಿ ಮಾಡಿ ಒಂದನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ಫೈಲಿನಲ್ಲಿಟ್ಟು, ದಕ್ಷಿಣಾಮೂರ್ತಿಯವರು ಗೆದ್ದ ಸೇನಾಪತಿಯಂತೆ ಮೆಟ್ರೋ ಹತ್ತಿ ಮನೆಗೆ ಬಂದರು. ಕೋಣೆ ಖಾಲಿಯಿತ್ತು. ಆದರೂ ಅತಿಥಿಯ ಚೀಲಗಳು ಹಾಸಿಗೆಯ ಮೇಲಿದ್ದವಾದ್ದರಿಂದ ಸೋಫಾದ ಮೇಲೆಯೇ ಮಲಗಿದರು. ನಿಯಮವೆಂದರೆ ನಿಯಮ.

ಭಾನುವಾರ ಮೂರೂವರೆಗೆ ಫೋನು ಬಂತು.

“ಅಂಕಲ್, ಅಂಗಡಿಯಲ್ಲಿದ್ದೀನಿ. ಒಂದು ಚಿಕ್ಕ ಪ್ರಾಬ್ಲಮ್.”

“ಬಿದ್ಯಾ?”

“ಇಲ್ಲ ಅಂಕಲ್. ಒಂದು ಗೀರೂ ಆಗಿಲ್ಲ.”

“ಮತ್ತೇನು?”

“ಒಂದು ಕಡಿಮೆ ಇದೆಯಂತೆ.”

ದಕ್ಷಿಣಾಮೂರ್ತಿಯವರು ಫೈಲನ್ನು ಕಂಕುಳಿಗಿಟ್ಟು ಓಡಿದರು. ಅಂಗಡಿ ತಲುಪಿದಾಗ ನಾಲ್ಕೂವರೆ. ಮೋಟಾರ್ ಸೈಕಲ್ ಗಲ್ಲಿಯ ನಡುವೆ ನಿಂತಿತ್ತು. ಅದರ ಮುಂದೆ ಮೊಣಕಾಲೂರಿ, ಕೈಯಲ್ಲಿ ಪಟ್ಟಿ ಹಿಡಿದು, ಚಂದ್ರಮೋಹನ ಕುಳಿತಿದ್ದ. ಅವನೂ ಒಂದು ಭೂತಗನ್ನಡಿ ಕೊಂಡಿದ್ದ.

“ಬನ್ನಿ ಅಂಕಲ್‌ಜೀ,” ಎಂದ ಅವನು, ಅತ್ಯಂತ ಆದರದಿಂದ. “ನಲವತ್ತು ಸರಿ ಇವೆ. ನಂಬರ್ ಹದಿನೇಳು ತೋರಿಸಿ.”

ದಕ್ಷಿಣಾಮೂರ್ತಿಯವರು ಟ್ಯಾಂಕಿನ ಎಡಭಾಗ ನೋಡಿದರು. ಮುಚ್ಚಳದಿಂದ ನಾಲ್ಕು ಬೆರಳು ಕೆಳಗೆ ಕೈಯಾಡಿಸಿದರು. ಅಲ್ಲಿ ಏನೂ ಇರಲಿಲ್ಲ. ಟ್ಯಾಂಕು ಕೂಸಿನ ಕೆನ್ನೆಯಂತೆ ನುಣುಪಾಗಿತ್ತು.

“ಅನೀಶ್,” ಎಂದರು ಕನ್ನಡದಲ್ಲಿ, ಮೆಲ್ಲಗೆ, “ನೆಗ್ಗು ಎಲ್ಲಿ?”

“ತೆಗೆಸಿದೆ ಅಂಕಲ್.”

“ತೆಗೆಸಿದೆ?”

“ಸೋಲನ್ ಹತ್ರ ಪಂಕ್ಚರ್ ಆಯ್ತು. ಪಂಕ್ಚರ್ ಹಾಕ್ತಿದ್ದೋನು ಟ್ಯಾಂಕ್ ನೋಡಿ, ಇದನ್ನ ಎರಡು ನಿಮಿಷದಲ್ಲಿ ತೆಗೀತೀನಿ ಅಂದ. ರಬ್ಬರ್ ಕಪ್ ಅಂಟಿಸಿ ಎಳೆದ. ಟಪ್ ಅಂತು, ಹೋಯ್ತು. ಇನ್ನೂರು ರೂಪಾಯಿ.”

“ಯಾರಪ್ಪಾ ನಿನಗೆ ತೆಗೆಸು ಅಂದೋರು?”

“ಆಂಟಿ ಹೇಳಿದ್ರಲ್ಲ ಅಂಕಲ್, ಇನ್ನೊಬ್ಬರದ್ದನ್ನ ಖಾಲಿ ವಾಪಸ್ ಕೊಡಬಾರದು ಅಂತ. ಬೈಕಿನ ಮೇಲೆ ಸೇಬು ಇಟ್ಟು ಕೊಡೋಕಾಗುತ್ತಾ?”

ದಕ್ಷಿಣಾಮೂರ್ತಿಯವರು ಚಂದ್ರಮೋಹನನ ಕಡೆ ತಿರುಗಿ, ನಡೆದುದನ್ನು ವಿವರಿಸಿ, ಇದು ಹಾನಿಯಲ್ಲ, ಉಪಕಾರ ಎಂದರು.

“ಅಚ್ಛಾ,” ಎಂದ ಚಂದ್ರಮೋಹನ. “ಉಪಕಾರ. ಒಂದು ಮಾತು ಕೇಳ್ತೀನಿ. ಇಂಜಿನ್ನಿಗೆ ನಂಬರ್ ಇದೆ. ಚಾಸಿಗೆ ನಂಬರ್ ಇದೆ. ಟ್ಯಾಂಕಿಗೆ ಏನಿದೆ? ನೆಗ್ಗಿತ್ತು. ಅದೊಂದೇ ಅದರ ಗುರುತು. ಕಾಗದದಲ್ಲಿ ಎಡಗೆನ್ನೆ ಮೇಲೆ ಮಚ್ಚೆ ಅಂತ ಬರೆದಿದೆ, ಮಚ್ಚೆ ಇಲ್ಲದ ಮನುಷ್ಯ ಬಂದು ‘ನಾನೇ ಅವನು’ ಅಂತಾನೆ. ನೀವು ಒಪ್ತೀರಾ? ನನ್ನ ಕಂಪನಿ ಟ್ಯಾಂಕ್ ಮಾರಿ ಡೂಪ್ಲಿಕೇಟ್ ಹಾಕ್ಕೊಂಡು ಬಂದಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಭಯ್ಯಾ, ನಾನು ಅಂಥವನಲ್ಲ,” ಎಂದ ಅನೀಶ್. “ನೋಡಿ, ಇನ್ನೂರು ರೂಪಾಯಿ ಫೋನಿಂದ ಕಳಿಸಿದ್ದೀನಿ. ಅವನ ಹೆಸರಿದೆ.”

ಚಂದ್ರಮೋಹನ ಫೋನನ್ನು ಭೂತಗನ್ನಡಿಯಿಂದ ನೋಡಿದ. “ಹೆಸರಿದೆ. ಟ್ಯಾಂಕಿಗೆ ಅಂತ ಎಲ್ಲಿದೆ? ಇನ್ನೂರಕ್ಕೆ ಮೊಮೊ ತಿಂದಿರಬಹುದು.” ಆಮೇಲೆ ಸ್ವರ ತಗ್ಗಿಸಿ, “ಹೋದ ವರ್ಷ ಒಬ್ಬ ಹುಡುಗ, ಇವನಿಗಿಂತ ಒಳ್ಳೇ ಮುಖ, ಸೈಲೆನ್ಸರ್ ಬದಲಾಯಿಸಿ ಕೊಟ್ಟು ಹೋದ. ಮೂರು ತಿಂಗಳಾದ ಮೇಲೆ ಗೊತ್ತಾಯ್ತು. ಯಾಕೆ? ಲಿಸ್ಟ್ ಇರಲಿಲ್ಲ. ಈಗ ನೀವು ಕಲಿಸಿದಿರಿ. ‘ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ.’ ಯಾರ ಕೈಬರಹ ಇದು?”

ದಕ್ಷಿಣಾಮೂರ್ತಿಯವರಿಗೆ ಕೋಪ ಬರಬೇಕಾಗಿತ್ತು. ಬಂದದ್ದು ಬೇರೆಯೇ. ಇಂಥ ನಿಖರವಾದ ಆಕ್ಷೇಪಣೆಯನ್ನು ಅವರು ನಿವೃತ್ತರಾದಂದಿನಿಂದ ಕೇಳಿರಲಿಲ್ಲ. ಒಮ್ಮೆ ಅವರೇ, ‘ಕೆಟ್ಟಿದೆ’ ಎಂದು ನಮೂದಾಗಿದ್ದ ಸೀಲಿಂಗ್ ಫ್ಯಾನ್ ತಿರುಗುತ್ತಿರುವುದನ್ನು ಕಂಡು, ಉಗ್ರಾಣದ ಅಧಿಕಾರಿಯಿಂದ ಲಿಖಿತ ವಿವರಣೆ ಕೇಳಿದ್ದರು. ಫ್ಯಾನು ತನ್ನಷ್ಟಕ್ಕೆ ತಾನೇ ಸರಿಹೋಯಿತೆಂದು ಆ ಬಡಪಾಯಿ ಬರೆದುಕೊಟ್ಟಾಗ ಅವರು ಒಪ್ಪಿರಲಿಲ್ಲ. ಕಡಿಮೆಯಿದ್ದರೆ ಕಳ್ಳತನವೆನ್ನಬಹುದು, ಹೆಚ್ಚಿದ್ದರೆ ಒಳಸಂಚೇ ಇರಬೇಕು ಎಂಬುದು ಅವರ ಸಿದ್ಧಾಂತವಾಗಿತ್ತು. ಆ ಫ್ಯಾನು ಈಗ, ಇಷ್ಟು ವರ್ಷಗಳ ಮೇಲೆ, ಜನಕಪುರಿಯ ಗಲ್ಲಿಯಲ್ಲಿ ಅವರ ತಲೆಯ ಮೇಲೆ ತಿರುಗತೊಡಗಿತ್ತು.

ಐದು ಗಂಟೆಗೆ ಅನೀಶನ ಫೋನಿಗೆ ಮನೆಯೊಡತಿಯ ಕರೆ ಬಂತು. ಅವಳ ಸ್ವರ ಗಲ್ಲಿಗೆಲ್ಲ ಕೇಳುವಂತಿತ್ತು. “ಬೇಟಾ, ಆರು ಗಂಟೆಗೆ ಇನ್ನೊಬ್ಬ ಹುಡುಗ ಬರ್ತಾನೆ. ಅವನು ಈರುಳ್ಳಿ ಕೂಡ ತಿನ್ನಲ್ಲ.” ಅನೀಶನ ಮುಖ ಸಪ್ಪೆಯಾಯಿತು. ಹತ್ತು ವಾರ ರೂಮು ಹುಡುಕಿ ಅವನು ಕಂಡುಕೊಂಡಿದ್ದೇನೆಂದರೆ ಈರುಳ್ಳಿ ತಿನ್ನದವನೊಡನೆ ಸ್ಪರ್ಧೆ ಸಾಧ್ಯವಿಲ್ಲ ಎಂಬುದು.

“ಈ ರೂಮ್ ಹೋದರೆ ಮತ್ತೆ ಮೊದಲಿಂದ ಅಂಕಲ್,” ಎಂದ. “ಇನ್ನೊಂದು ಸಿಗೋಕೆ ಮೂರು ತಿಂಗಳಾದರೂ ಬೇಕು.”

ಮೂರು ತಿಂಗಳು ಎಂಬ ಮಾತು ದಕ್ಷಿಣಾಮೂರ್ತಿಯವರ ಮೊಣಕಾಲಿನವರೆಗೆ ಇಳಿಯಿತು.

ಅಷ್ಟರಲ್ಲಿ ಅವರ ಫೋನೂ ಮೊಳಗಿತು. ಅವರು ಬದಿಗೆ ಸರಿದು ನಿಂತು ಕಿವಿಗಿಟ್ಟುಕೊಂಡರು.

“ಏನೂಂದ್ರೆ,” ಎಂದರು ರತ್ನಾ, “ಆ ಹದಿನೈದು ಸಾವಿರ ನಾವೇ ಕೊಟ್ಟು ಹುಡುಗನ್ನ ಕಳಿಸಿಬಿಡೋಣ. ಅಂಗಡಿಯವನ ಹತ್ರ ನಿಧಾನವಾಗಿ ಜಗಳ ಆಡ್ಕೊಳ್ಳಿ.”

“ಕೊಟ್ಟರೆ ನನ್ನ ಪಟ್ಟಿ ಸೋತಿತು ಅಂತಾಗುತ್ತೆ.”

“ಪಟ್ಟಿ ಸೋತರೆ ಯಾರು ಅಳ್ತಾರೆ?”

“ರತ್ನಾ, ಇದು ನಿನಗೆ ಅರ್ಥ ಆಗಲ್ಲ. ಸಂಚಕಾರ ತಂದದ್ದೇ ನಿನ್ನ ಸೇಬು,” ಎಂದು ಫೋನಿಟ್ಟರು.

ಚಂದ್ರಮೋಹನ ಕೆಟ್ಟವನಲ್ಲ. ಅವನಿಗೆ ಆ ಟ್ಯಾಂಕು ತನ್ನದೇ ಎಂಬುದರಲ್ಲಿ ಸಂದೇಹವಿತ್ತೋ, ಒಂದು ಗಂಟೆ ಹತ್ತು ನಿಮಿಷ ತನ್ನನ್ನು ಕಳ್ಳನೆಂಬಂತೆ ನಡೆಸಿಕೊಂಡದ್ದರ ಬಡ್ಡಿ ಬೇಕಿತ್ತೋ, ಬಹುಶಃ ಅವನಿಗೂ ಸ್ಪಷ್ಟವಿರಲಿಲ್ಲ. ಐದೂಕಾಲಿಗೆ ಅವನು ಸ್ಟೂಲೊಂದನ್ನು ಎಳೆದು ಹಿರಿಯರನ್ನು ಕೂರಿಸಿ, ಚಹಾ ಕೊಟ್ಟು, ಮಧ್ಯದ ದಾರಿಯೊಂದನ್ನು ತೋರಿಸಿದ.

“ಅಂಕಲ್‌ಜೀ, ನಾನು ಹುಡುಗನ ದುಡ್ಡು ತಿನ್ನೋನಲ್ಲ. ಎರಡು ಲೈನ್ ಬರೆದುಕೊಡಿ. ‘ನಂಬರ್ ಹದಿನೇಳು ತಪ್ಪಾಗಿ ಬರೆಯಲಾಗಿದೆ, ಅಂಥ ನೆಗ್ಗು ಇರಲೇ ಇಲ್ಲ.’ ನೀವು ಸಹಿ ಹಾಕಿ, ನಾನೂ ಹಾಕ್ತೀನಿ. ಹದಿನೈದು ಸಾವಿರ ಈಗಲೇ ವಾಪಸ್.”

ಅನೀಶ್ ಆಗಲೇ ಪೆನ್ನು ತೆಗೆದಿದ್ದ. “ಬರೆದುಬಿಡಿ ಅಂಕಲ್, ಪ್ಲೀಸ್.”

ದಕ್ಷಿಣಾಮೂರ್ತಿಯವರು ಪೆನ್ನನ್ನು ನೋಡಿದರು. ಇದ್ದದ್ದನ್ನು ಇರಲಿಲ್ಲವೆಂದು ಬರೆಯುವುದು! ಮೂವತ್ನಾಲ್ಕು ವರ್ಷಗಳಲ್ಲಿ ಮಂತ್ರಿಗಳ ಆಪ್ತರು ಕೇಳಿದರೂ ಬರೆಯದ ವಾಕ್ಯ ಅದು. ಅದಕ್ಕಾಗಿ ಅವರು ಎರಡು ಬಡ್ತಿ ಕಳೆದುಕೊಂಡಿದ್ದರು, ಒಮ್ಮೆ ಗುವಾಹಾಟಿಗೆ ವರ್ಗವಾಗಿ ಹೋಗಿದ್ದರು. ಈಗ ಅದನ್ನು ಒಂದು ಮಧ್ಯಾಹ್ನದ ನಿದ್ದೆಗೆ ಮಾರುವುದೇ? ಆದರೆ ಗುವಾಹಾಟಿಯಲ್ಲಿ ಸರ್ಕಾರಿ ಬಂಗಲೆಯಿತ್ತು, ಕಾಲು ಚಾಚಲು ಮಂಚವಿತ್ತು. ಇಲ್ಲಿ ಸೋಫಾ ಇತ್ತು.

“ಬರೆಯಲ್ಲ,” ಎಂದರು.

“ಅಂಕಲ್!”

“ನೆಗ್ಗು ಇತ್ತು. ನಾನು ಅಳೆದಿದ್ದೀನಿ.”

“ಹಾಗಾದರೆ ದುಡ್ಡೂ ಇಲ್ಲ,” ಎಂದ ಚಂದ್ರಮೋಹನ, ಸ್ವಲ್ಪ ಬೇಸರದಿಂದಲೇ. “ಲಿಸ್ಟ್‌ನಲ್ಲಿ ಇದ್ದಂತೆ ತೋರಿಸಿ, ಈ ಕ್ಷಣ ಕೊಡ್ತೀನಿ. ಬರೆದವರು ನೀವೇ.”

ಗಡಿಯಾರ ಐದೂವರೆ ತೋರಿಸುತ್ತಿತ್ತು. ದಕ್ಷಿಣಾಮೂರ್ತಿಯವರು ಚಹಾದ ಲೋಟವನ್ನು ಕೆಳಗಿಟ್ಟು, ಷರತ್ತನ್ನು ಮತ್ತೊಮ್ಮೆ ಓದಿದರು. ನಮೂದಾದ ಸ್ಥಿತಿಯಲ್ಲಿಯೇ. ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ. ಅವರ ಹುಬ್ಬುಗಳು ನಿಧಾನವಾಗಿ ಮೇಲೇರಿದವು. ದಾಖಲೆಯನ್ನು ವಸ್ತುಸ್ಥಿತಿಗೆ ಒಗ್ಗುವಂತೆ ತಿದ್ದುವುದು ಅಪರಾಧ, ನಿಜ. ವಸ್ತುಸ್ಥಿತಿಯನ್ನು ದಾಖಲೆಗೆ ಒಗ್ಗುವಂತೆ ತಿದ್ದುವುದನ್ನು ಯಾವ ಕೈಪಿಡಿಯೂ ನಿಷೇಧಿಸಿರಲಿಲ್ಲ. ಅದಕ್ಕೆ ಆಡಳಿತವೆಂದೇ ಹೆಸರು.

ಎದ್ದರು. ಜೇಬಿನಿಂದ ಕರವಸ್ತ್ರ ತೆಗೆದು, ನಾಲ್ಕಾಗಿ ಮಡಿಸಿ, ಟ್ಯಾಂಕಿನ ಎಡಭಾಗದಲ್ಲಿ, ಮುಚ್ಚಳದಿಂದ ನಾಲ್ಕು ಬೆರಳು ಅಳೆದು ಇಟ್ಟರು.

“ಅಂಕಲ್‌ಜೀ, ಏನು ಮಾಡ್ತಿದ್ದೀರಿ?”

“ಪಾಲನೆ,” ಎಂದರು ದಕ್ಷಿಣಾಮೂರ್ತಿ. ಅಂಗೈಯ ಬುಡವನ್ನು ಕರವಸ್ತ್ರದ ಮೇಲಿಟ್ಟು, ದೇಹದ ಭಾರವನ್ನೆಲ್ಲ ಅದರ ಮೇಲೆ ಬಿಟ್ಟರು.

ಟಪ್.

ಕರವಸ್ತ್ರ ತೆಗೆದಾಗ ನೆಗ್ಗು ಅಲ್ಲಿತ್ತು. ಊರಿಗೆ ಹೋಗಿದ್ದ ಮನುಷ್ಯ ಮರಳಿ ಬಂದು ತನ್ನ ಕುರ್ಚಿಯಲ್ಲಿ ಕೂತಂತೆ, ಅದೇ ಜಾಗದಲ್ಲಿ, ದುಂಡಗೆ. ಒಮ್ಮೆ ನೆಗ್ಗಿದ ತಗಡು ತನ್ನ ನೆಗ್ಗನ್ನು ಮರೆತಿರಲಿಲ್ಲ.

ಚಂದ್ರಮೋಹನ ಬಾಯಿ ತೆರೆದ. “ನನ್ನ ಟ್ಯಾಂಕ್! ನನ್ನ ಕಣ್ಣೆದುರೇ...”

“ಅಳತೆ ನೋಡಿ,” ಎಂದು ದಕ್ಷಿಣಾಮೂರ್ತಿಯವರು ಉಕ್ಕಿನ ಪಟ್ಟಿಯನ್ನು ಅವನ ಕೈಗಿತ್ತರು.

ಅವನು ಅಭ್ಯಾಸಬಲದಿಂದಲೋ ಎಂಬಂತೆ ಮೊಣಕಾಲೂರಿ ಅಳೆದ. ಅಗಲ ಮೂವತ್ತೆಂಟು. ಆಳ ನಾಲ್ಕು, ಬಹಳವೆಂದರೆ ನಾಲ್ಕೂಕಾಲು.

“ಕಾಲು ಹೆಚ್ಚಿದೆ,” ಎಂದ, ಕೊನೆಯ ಆಸೆಯಿಂದ.

“ಭಿನ್ನಾಂಕ ಅರ್ಧಕ್ಕಿಂತ ಕಡಿಮೆಯಿದ್ದರೆ ಬಿಡೋದು ನಿಯಮ. ಇನ್ನೊಂದು ಮಾತು. ಹೊಸ ಟ್ಯಾಂಕ್ ಆಗಿದ್ದರೆ ಹಳೇ ಜಾಗದಲ್ಲಿ ಹಳೇ ಅಳತೆಗೆ ಹೀಗೆ ಒಳಕ್ಕೆ ಹೋಗ್ತಿತ್ತಾ? ಮಚ್ಚೆ ಬಂತು. ಮನುಷ್ಯ ಅವನೇ.”

ಚಂದ್ರಮೋಹನ ಟ್ಯಾಂಕನ್ನೂ ಪಟ್ಟಿಯನ್ನೂ ಎದುರಿಗಿದ್ದ ಮುದುಕನನ್ನೂ ಒಂದಾದಮೇಲೊಂದರಂತೆ ನೋಡಿದ. ಆಮೇಲೆ ನಕ್ಕ. ಬಣ್ಣದ ಮೀಸೆ ಅಲುಗುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಐದು ಐವತ್ತೆರಡಕ್ಕೆ ಹಣ ಅನೀಶನ ಫೋನಿಗೆ ಬಂತು. ಐದು ಐವತ್ಮೂರಕ್ಕೆ ಗುರುಗ್ರಾಮಕ್ಕೆ ಹೋಯಿತು. ಹೊರಡುವಾಗ ಚಂದ್ರಮೋಹನ ಬೀದಿಯವರೆಗೂ ಬಂದು, ಪಟ್ಟಿಯ ಖಾಲಿ ನಮೂನೆಯೊಂದನ್ನು ಮಾಡಿಕೊಡಲು ಸಾಧ್ಯವೇ ಎಂದು ವಿನಯದಿಂದ ಕೇಳಿದ. ಇನ್ನು ಮುಂದೆ ಎಲ್ಲ ಗಿರಾಕಿಗಳಿಗೂ ಅದನ್ನೇ ಬಳಸುವುದಾಗಿ ಹೇಳಿದ. ದಕ್ಷಿಣಾಮೂರ್ತಿಯವರು ಮೆಟ್ರೋದಲ್ಲಿ ಕುಳಿತೇ ಅದರ ಕರಡು ಬರೆದರು. ಹಾನಿಗೆ ಒಂದು ಅಂಕಣವಿತ್ತು, ಉಪಕಾರಕ್ಕೆ ಇನ್ನೊಂದು. ಎರಡಕ್ಕೂ ದಂಡ ಸಮಾನ.

ಆ ರಾತ್ರಿಯೇ ಅನೀಶ್ ಹೊರಟ. ರತ್ನಾರಿಗೆ ನಮಸ್ಕರಿಸಿ ಡಬ್ಬಿಯನ್ನು ಕೊಟ್ಟ. ಅದರೊಳಗೆ ಆರು ಸೇಬುಗಳಿದ್ದವು. “ಆಂಟಿ, ಇದನ್ನ ಮಾತ್ರ ಅಂಕಲ್ ಲಿಸ್ಟ್ ಮಾಡೋದು ಬೇಡ,” ಎಂದ. ರತ್ನಾ ನಕ್ಕು ತಲೆ ಸವರಿದರು. ದಕ್ಷಿಣಾಮೂರ್ತಿಯವರು ಅವನ ಚೀಲವನ್ನು ಲಿಫ್ಟಿನವರೆಗೆ ತಾವೇ ಹೊತ್ತರು. ಹತ್ತು ವಾರದಿಂದ ಹುಡುಕುತ್ತಿದ್ದ ಸಭ್ಯವಾದ ವಾಕ್ಯ ಬಹುಶಃ ಅದೇ ಆಗಿತ್ತು.

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಅವರು ಕೋಣೆಯ ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದು, ಮಂಚದ ಮೇಲೆ ಕಾಲು ಚಾಚಿ ಮಲಗಿದರು. ಮೊಣಕಾಲುಗಳು ಹಾಸಿಗೆಯ ಒಳಗೇ ಇದ್ದವು. ಕಣ್ಣು ಮುಚ್ಚಿದರು. ಎಡಕ್ಕೆ ಹೊರಳಿದರು. ಸ್ವಲ್ಪ ಕಣ್ಣು ತೆರೆದರು.

ಎದುರಿಗಿದ್ದ ಉಕ್ಕಿನ ಬೀರುವಿನ ಬಾಗಿಲಲ್ಲಿ, ಹಿಡಿಯಿಂದ ನಾಲ್ಕು ಬೆರಳು ಕೆಳಗೆ, ದುಂಡನೆಯ ನೆಗ್ಗೊಂದು ಇತ್ತು.

ಎದ್ದು ಕುಳಿತರು. ಇದು ಮೊದಲೇ ಇತ್ತೇ? ಮದುವೆಯಾದ ಹೊಸದರಲ್ಲಿ ಆರ್.ಕೆ.ಪುರಂನ ಸರ್ಕಾರಿ ಮನೆಗೆಂದು ಕೊಂಡ ಬೀರು. ಮೂರು ಮನೆ ಬದಲಾಯಿಸಿದಾಗಲೂ ಜೊತೆಗೆ ಬಂದದ್ದು. ದಿನಕ್ಕೆ ಹತ್ತು ಸಲ ನೋಡುತ್ತಿದ್ದದ್ದು. ನೆನಪಾಗಲೊಲ್ಲದು. ಹುಡುಗ ಬಂದ ದಿನ ಅವರು ಏನನ್ನೂ ಬರೆದುಕೊಂಡಿರಲಿಲ್ಲ. ಅತಿಥಿಯಿಂದ ಸಹಿ ಕೇಳುವುದು ಸಭ್ಯತೆಯಲ್ಲ. ಅವರು ಅಳತೆಪಟ್ಟಿ ಹುಡುಕಿ ತಂದು ಬೀರುವಿನ ಮುಂದೆ ಮೊಣಕಾಲೂರಿದರು. ಅಗಲ ಮೂವತ್ತೊಂದು. ಆಳ ಮೂರು. ಅಳತೆ ಸಿಕ್ಕಿತು. ಹೋಲಿಸಲು ಕಾಗದವೇ ಇರಲಿಲ್ಲ.

“ರತ್ನಾ,” ಎಂದು ಕೂಗಿದರು, “ಬೀರು ಬಾಗಿಲಲ್ಲಿರೋ ಈ ನೆಗ್ಗು ಮೊದಲೇ ಇತ್ತಾ?”

ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದ ರತ್ನಾ ತಲೆಯೆತ್ತಲೂ ಇಲ್ಲ.

“ಇತ್ತು ಅಂತ ಬರ್ಕೊಂಡು ಮಲಕ್ಕೊಳ್ಳಿ.”